ಎಲ್ಲರೂ ಓದುವ, ಎಲ್ಲರೂ ತಿದ್ದುವ ಬರಹ

ಬರೆದುದನ್ನು ಉಳಿಸಿಕೊಳ್ಳಲು ನಮ್ಮ ನಾಡಿನ ಹಿರಿಯರು ಅನೇಕ ಸಾಧನಗಳನ್ನು ಬಳಸಿದರು. ಅವುಗಳಲ್ಲಿ ಎರಡು ಒಂದಕ್ಕೊಂದು ತೀರ ವಿರುದ್ಧವಾದವು. ಮೊದಲನೆಯದು ಶಿಲಾಶಾಸನ. ದೇವಾಲಯದ ಬಳಿಯಲ್ಲೋ ಕೆರೆಯ ಏರಿಯ ಮೇಲೋ ನಿಂತಿರುವ ಶಾಸನವನ್ನು ಅಕ್ಷರ ಬಲ್ಲವರೆಲ್ಲರೂ ಓದಬಹುದು. ಕೋಲಾರ ಪ್ರಾಂತ್ಯದ ಇಂತಹ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಆದರೆ ಕಲ್ಲಿನಲ್ಲಿ ಒಮ್ಮೆ ಕೊರೆದ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಎರಡನೆಯದು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ ಕಡತವನ್ನು ಸಿದ್ಧಪಡಿಸುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಕೆನಿಸಿದಾಗ ಅಳಿಸಿ ತಿದ್ದುತ್ತಿದ್ದರು. ಆದರೆ ಕಡತವು ಅದರ ಒಡೆಯನ ಪೆಟ್ಟಿಗೆಯಲ್ಲಿರುತ್ತಿತ್ತು. ಎಲ್ಲರ ಕಣ್ಣಿಗೂ ಬೀಳುತ್ತಿರಲಿಲ್ಲ. ಎಲ್ಲರೂ ನೋಡುವಂಥದನ್ನು ತಿದ್ದಲಾಗದು, ತಿದ್ದುವಂಥದನ್ನು ಎಲ್ಲರೂ ನೋಡಲಾಗದು ಎಂಬುದು ಬಹುಕಾಲದ ಸ್ಥಿತಿಯಾಗಿತ್ತು. ಈ ಎರಡು ಗುಣಗಳನ್ನೂ ಒಂದೇ ಬರಹದಲ್ಲಿ ಕೂಡಿಸುವುದು ಸಾಧ್ಯವೆ?

ಗಣಕಯಂತ್ರವು ಬಂದ ಮಾತ್ರಕ್ಕೆ ಈ ಪ್ರಶ್ನೆ ಬಗೆಹರಿಯಲಿಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲುಮಾರ್ಗದಲ್ಲಿ ಕೋರಮಂಡಲ್ ಎಂಬ ನಿಲ್ದಾಣವಿದೆ. ಕೋಲಾರ ಚಿನ್ನದ ಗಣಿಯ ಈ ಭಾಗದಲ್ಲಿ ಒಬ್ಬನು ತನ್ನ ಊರಿನ ವಿಷಯವನ್ನು ಕನ್ನಡದಲ್ಲಿ ಬರೆದನೆಂದು ಭಾವಿಸೋಣ. ಹಿಂದಿನ ಪದ್ಧತಿಯಲ್ಲಿ ಕನ್ನಡ ಅಕ್ಷರಗಳಿಗೆ ತಮ್ಮದೇ ಆದ ಸಂಖ್ಯೆಗಳಿರಲಿಲ್ಲ. ರೋಮನ್ ಅಕ್ಷರಗಳಿಗೆಂದು ಗೊತ್ತುಮಾಡಿದ ಸಂಖ್ಯೆಗಳನ್ನೇ ಎರವಲು ಪಡೆದು, ವಿಶೇಷವಾದ ಫಾಂಟಿನ ನೆರವಿನಿಂದ ಅವುಗಳಿಗೆ ಕನ್ನಡದ ಆಕಾರವನ್ನು ಕೊಡಲಾಗುತ್ತಿತ್ತು. ಆ ಬರಹವನ್ನು ಅದೇ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಪುಟದ ಚಿತ್ರವನ್ನು ತೆಗೆದು ಕಳುಹಿಸಿದರೆ ಎಲ್ಲ ಯಂತ್ರಗಳಲ್ಲಿಯೂ ಸರಿಯಾಗಿ ಕಾಣುತ್ತಿತ್ತು. ಆದರೆ ಚಿತ್ರದೊಳಗಿನ ಒಂದು ಕಾಗುಣಿತವನ್ನೂ ತಿದ್ದಲಾಗುತ್ತಿರಲಿಲ್ಲ. ಮೊದಲನೆಯದು ಕಡತದಂತಾಯಿತು, ಎರಡನೆಯದು ಶಾಸನದಂತಾಯಿತು.

ಈ ತೊಡಕನ್ನು ನಿವಾರಿಸಿದ್ದು ಯೂನಿಕೋಡ್ ಎಂಬ ವ್ಯವಸ್ಥೆ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಇದರಲ್ಲಿ ಪ್ರಪಂಚದ ಲಿಪಿಗಳ ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆಯಿದೆ. ‘ಕ’ ಎಂಬ ಅಕ್ಷರದ ಸಂಖ್ಯೆ 3221. ಕೋರಮಂಡಲ್‌ನಲ್ಲಿ ಬರೆದರೂ ಕಾಸರಗೋಡಿನಲ್ಲಿ ಓದಿದರೂ ಆ ಸಂಖ್ಯೆಯು ‘ಕ’ವನ್ನೇ ಸೂಚಿಸುತ್ತದೆ. ಹೀಗೆ ಎಲ್ಲರೂ ಓದುವ ದಾರಿ ತೆರೆಯಿತು.

ಎಲ್ಲರೂ ತಿದ್ದುವ ದಾರಿಯನ್ನು ತೆರೆದವರು ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ತಂತ್ರಜ್ಞರು. ಓದುಗನೇ ಪುಟವನ್ನು ತಿದ್ದಬಹುದಾದ ಜಾಲತಾಣವೊಂದನ್ನು ಅವರು 1995ರಲ್ಲಿ ನಿರ್ಮಿಸಿದರು. ಅದಕ್ಕೆ ‘ವಿಕಿ’ ಎಂಬ ಹೆಸರನ್ನು ಹವಾಯಿ ಭಾಷೆಯಿಂದ ಆರಿಸಿಕೊಂಡರು. ಶೀಘ್ರ ಎಂಬುದು ಆ ಮಾತಿನ ಅರ್ಥ. ಇದೇ ತತ್ತ್ವದ ಮೇಲೆ 2001ರ ಜನವರಿಯಲ್ಲಿ ವಿಕಿಪೀಡಿಯ ಎಂಬ ವಿಶ್ವಕೋಶವು ಆರಂಭವಾಯಿತು. 2003ರಲ್ಲಿ ಕನ್ನಡ ವಿಕಿಪೀಡಿಯವೂ ಹುಟ್ಟಿತು.

ಯಾರು ಬೇಕಾದರೂ ತಿದ್ದಬಹುದಾದರೆ ಯಾರು ಬೇಕಾದರೂ ಕೆಡಿಸಬಹುದಲ್ಲವೆ? ಈ ಸಂದೇಹವು ಸಹಜವಾದುದು. ಇದಕ್ಕೆ ವಿಕಿಯು ಕಂಡುಕೊಂಡ ಉತ್ತರವು ಬೀಗವಲ್ಲ, ನೆನಪು. ಪುಟವನ್ನು ಪ್ರತಿ ಸಲ ತಿದ್ದಿದಾಗಲೂ ಅದರ ಹಿಂದಿನ ರೂಪವು ಅಳಿಯದೆ ಉಳಿಯುತ್ತದೆ. ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಖಾತೆಯಿಂದ ಯಾವ ಪದ ಬದಲಾಯಿತೆಂಬುದನ್ನು ‘ಇತಿಹಾಸ’ದ ಪುಟದಲ್ಲಿ ಎಲ್ಲರೂ ನೋಡಬಹುದು. ಕಿಡಿಗೇಡಿಯೊಬ್ಬನು ಇಡೀ ಲೇಖನವನ್ನು ಅಳಿಸಿದರೆ ಇನ್ನೊಬ್ಬನು ಕ್ಷಣಮಾತ್ರದಲ್ಲಿ ಹಿಂದಿನ ರೂಪವನ್ನು ಮರಳಿ ತರಬಲ್ಲನು. ಕೆಡಿಸುವುದಕ್ಕಿಂತ ಸರಿಪಡಿಸುವುದು ಸುಲಭವಾಗಿರುವುದೇ ಈ ವ್ಯವಸ್ಥೆಯ ಜೀವಾಳ. ಭಿನ್ನಾಭಿಪ್ರಾಯವಿದ್ದರೆ ಚರ್ಚೆಗೆ ಬೇರೊಂದು ಪುಟವುಂಟು. ಪದೇ ಪದೇ ಹಾನಿಗೆ ಒಳಗಾಗುವ ಪುಟಗಳಿಗೆ ಮಾತ್ರ ಕೆಲಕಾಲ ರಕ್ಷಣೆ ಒದಗಿಸುತ್ತಾರೆ.

ತಿದ್ದುವ ಹಕ್ಕಿನೊಡನೆ ಆಧಾರ ನೀಡುವ ಹೊಣೆಯೂ ಬರುತ್ತದೆ. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರ ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲಪಿತು ಎಂಬ ಮಾತಿಗೆ ಆಧಾರಗಳಿವೆ. ಆದುದರಿಂದ ಅದು ನಿಲ್ಲುತ್ತದೆ. ಊರಿನ ಅಭಿಮಾನದಿಂದ ‘ಜಗತ್ತಿನಲ್ಲಿಯೇ ಮೊದಲು’ ಎಂದು ಸೇರಿಸಿದರೆ, ಆಧಾರವೆಲ್ಲಿ ಎಂದು ಮತ್ತೊಬ್ಬ ಓದುಗನು ಕೇಳುತ್ತಾನೆ. ಆಧಾರ ಸಿಗದಿದ್ದರೆ ಆ ಮಾತನ್ನು ತೆಗೆದುಹಾಕುತ್ತಾನೆ.

ಇದರೊಡನೆ ಇನ್ನೊಂದು ಅಗತ್ಯವೂ ಇದೆ, ಅದು ಅನುಮತಿ. ಗ್ರಂಥವು ಕಣ್ಣಿಗೆ ಕಾಣುತ್ತದೆಯೆಂದು ಅದನ್ನು ಬದಲಿಸುವ ಹಕ್ಕು ಯಾರಿಗೂ ತಾನಾಗಿ ಬರುವುದಿಲ್ಲ. ಮೂಲವನ್ನು ಹೆಸರಿಸಬೇಕು, ಬದಲಿಸಿದುದನ್ನು ಅದೇ ನಿಬಂಧನೆಯ ಮೇಲೆ ಇತರರಿಗೂ ಬಿಟ್ಟುಕೊಡಬೇಕು ಎಂಬ ಷರತ್ತಿನಿಂದ ಬರಹವನ್ನು ಮುಕ್ತಗೊಳಿಸುವ ಪರವಾನಗಿಗಳಿವೆ. ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನು ಪ್ರಕಟಿಸಿದ ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ಅದರ ಕೆಲವು ಸಂಪುಟಗಳನ್ನು ಇಂತಹ ಪರವಾನಗಿಯಡಿ ಸಾರ್ವಜನಿಕರಿಗೆ ಒದಗಿಸಿತು.

ವಿಕಿಪೀಡಿಯವು ಹುಟ್ಟಿದ ಕೆಲವೇ ವಾರಗಳ ಬಳಿಕ, 2001ರ ಫೆಬ್ರವರಿ ತಿಂಗಳ ಕೊನೆಯಲ್ಲಿ, ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಿದವು. ಚಾಂಪಿಯನ್ ರೀಫ್ ಗಣಿಯ ಆಳವು 3 ಕಿಲೋಮೀಟರಿಗಿಂತಲೂ ಹೆಚ್ಚು. ಅಲ್ಲಿ ಕಾವು ಹೇಗಿತ್ತು, ಬಂಡೆ ಸಿಡಿಯುವ ಮುನ್ನ ಎಂತಹ ಸದ್ದು ಕೇಳುತ್ತಿತ್ತು ಎಂಬುದನ್ನು ಬಲ್ಲವರು ಅಲ್ಲಿ ದುಡಿದ ಕಾರ್ಮಿಕರು. ಅವರ ಮನೆಮಾತು ತಮಿಳು, ತೆಲುಗು, ಕನ್ನಡ. ವರ್ಷ ಕಳೆದಂತೆ ಅವರ ಸಂಖ್ಯೆ ಕಡಿಮೆಯಾಗುತ್ತಿದೆ. ವಿಶ್ವಕೋಶವು ಪ್ರಕಟವಾದ ಆಧಾರವನ್ನು ಕೇಳುತ್ತದೆಯಾಗಿ, ಬಾಯಿಮಾತಿನ ನೆನಪು ನೇರವಾಗಿ ಅದರೊಳಗೆ ಸೇರಲಾರದು. ಮೊದಲು ಯಾರಾದರೂ ಅವರ ಬಳಿ ಕುಳಿತು, ಕೇಳಿ, ಬರೆದುಕೊಂಡು ಪ್ರಕಟಿಸಬೇಕು. ಬರಹವು ಎಲ್ಲರಿಗೂ ತೆರೆದಿದ್ದರೂ ಬಲ್ಲವರು ಬರೆಯದೆ ಹೋದರೆ ಅದು ಬರಿದಾಗಿಯೇ ಉಳಿಯುತ್ತದೆ. ಅಳಿಸಿಹೋದ ಪುಟವನ್ನು ವಿಕಿಯು ಮರಳಿ ತರಬಲ್ಲದು. ಎಂದೂ ಬರೆಯದ ಪುಟವನ್ನು ಯಾವ ಯಂತ್ರವೂ ತರಲಾರದು.