ಮೊದಲ ಪುಟದ ಮುಂದೆ ನಿಂತವರು

ಕತೆ ಬರೆಯುವುದು ನನ್ನ ಹವ್ಯಾಸ. ಜಾಲತಾಣಗಳ ವಿನ್ಯಾಸ ಹೊಟ್ಟೆಪಾಡು. ಇವೆರಡಕ್ಕೂ ಸಂಬಂಧವಿಲ್ಲವೆಂದೇ ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಕೆಡವಿದ್ದು ಒಂದು ದೂರವಾಣಿ ಕರೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಜನರಿಗೆ ಪಿಂಚಣಿ, ಪಹಣಿ, ಬೆಳೆವಿಮೆಗಳ ಮಾಹಿತಿ ನೀಡುವ ತಾಣವೊಂದನ್ನು ಸಂಸ್ಥೆಯೊಂದಕ್ಕಾಗಿ ರೂಪಿಸಿದ್ದೆ. ಮೊದಲ ಪುಟದಲ್ಲಿ ಅಧ್ಯಕ್ಷರ ಸಂದೇಶ, ದೀಪ ಬೆಳಗುವ ಚಿತ್ರ, ಸಂಸ್ಥೆ ನಡೆದು ಬಂದ ದಾರಿ. ಎಲ್ಲರೂ ಮೆಚ್ಚಿದರು. ಕೆಲವು ದಿನಗಳ ಬಳಿಕ ಪುಟದ ತಳದಲ್ಲಿದ್ದ ಸಂಖ್ಯೆಗೆ ಹೆಣ್ಣುಮಗಳೊಬ್ಬರು ಕರೆ ಮಾಡಿದರು. ವಿಧವಾ ವೇತನದ ಅರ್ಜಿ ಹಿಡಿದು, ಕೂಲಿ ಬಿಟ್ಟು, ಹೊನ್ನಾಳಿಗೆ ಹೋಗಿದ್ದರು. ಅವರ ಊರು ಈಗ ನ್ಯಾಮತಿಗೆ ಸೇರಿದೆಯೆಂದು ಅಲ್ಲಿ ಹೇಳಿ ಕಳಿಸಿದ್ದರು. “ಮಗ ಫೋನ್‌ನಾಗ ನೋಡಿ ಹೊನ್ನಾಳಿ ಅಂದಿದ್ದ ಸರ್” ಎಂದರು.

ತಪ್ಪು ನನ್ನದೇ. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದು. ನನ್ನ ತಲೆಬರಹದಲ್ಲಿ ನಾಲ್ಕು ತಾಲ್ಲೂಕುಗಳಿದ್ದವು. ಒಳಗಿನ ಗ್ರಾಮಗಳ ಪಟ್ಟಿ ಮಾತ್ರ ಹಳೆಯದು. ದೀಪದ ಚಿತ್ರವನ್ನು ಹತ್ತು ಬಾರಿ ತಿದ್ದಿದ್ದ ನಾನು ಆ ಪಟ್ಟಿಯನ್ನು ಒಮ್ಮೆಯೂ ಓದಿರಲಿಲ್ಲ.

ಕತೆಯಲ್ಲಾದರೆ ಹೀಗೆ ಮಾಡುತ್ತಿದ್ದೆನೆ? ಅಲ್ಲಿ ಮೊದಲ ವಾಕ್ಯಕ್ಕೆ ಮುನ್ನವೇ ಕಾಣದ ಓದುಗನೊಬ್ಬನನ್ನು ಎದುರಿಗೆ ಕೂರಿಸಿಕೊಳ್ಳುತ್ತೇನೆ. ಅವನಿಗೆ ಏನು ಗೊತ್ತು, ಏನು ಗೊತ್ತಿಲ್ಲ, ಎಲ್ಲಿ ಆಕಳಿಸುತ್ತಾನೆ ಎಂದು ಯೋಚಿಸುತ್ತೇನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಪಾತ್ರಗಳು ಹತ್ತಾರು, ಮನೆಗಳು ಹಲವು, ಏಕೈಕ ನಾಯಕನೆಂಬುವನಿಲ್ಲ. ಆದರೂ ಓದುಗ ಕಂಗೆಡುವುದಿಲ್ಲ. ಗುತ್ತಿ ಮತ್ತು ಅವನ ನಾಯಿ ಹುಲಿಯನ ಬೆನ್ನು ಹಿಡಿದು ನಡೆದರೆ ಸಾಕು. ಯಾವ ಮನೆ ಯಾರದು, ಯಾರಿಗೆ ಯಾರು ಸಂಬಂಧ ಎಂಬುದು ದಾರಿಯಲ್ಲೇ ತಿಳಿಯುತ್ತ ಹೋಗುತ್ತದೆ. ಒಳ್ಳೆಯ ಜಾಲತಾಣದ ಕೊಂಡಿಗಳು ಮಾಡಬೇಕಾದ ಕೆಲಸವೂ ಇದೇ. ಎಲ್ಲವನ್ನೂ ಒಮ್ಮೆಲೇ ಹೇಳದೆ, ಮುಂದಿನ ಹೆಜ್ಜೆಯನ್ನು ಮಾತ್ರ ತೋರಿಸುವುದು.

ನನ್ನ ನಾಲ್ಕು ತಾಲ್ಲೂಕುಗಳೂ ಒಂದೇ ಪಾತ್ರವಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಚನ್ನಗಿರಿಯ ಅಡಿಕೆ ಬೆಳೆಗಾರ ಧಾರಣೆಯನ್ನು ಹುಡುಕುತ್ತಾನೆ. ತುಂಗಭದ್ರೆಯ ದಡದ ಹೊನ್ನಾಳಿಯವನಿಗೆ ಭತ್ತದ ಚಿಂತೆ. ಮಳೆ ಕೈಕೊಡುವ ಜಗಳೂರಿನವನು ಬೆಳೆವಿಮೆಯ ಕೊನೆಯ ದಿನಾಂಕ ಕೇಳುತ್ತಾನೆ. ನ್ಯಾಮತಿಯವರ ಪ್ರಶ್ನೆ ಇನ್ನೂ ಮೂಲಭೂತವಾದದ್ದು: ನಾವು ಯಾವ ಕಚೇರಿಯ ಬಾಗಿಲು ತಟ್ಟಬೇಕು? ಇವರಲ್ಲಿ ಯಾರೊಬ್ಬರೂ ಅಧ್ಯಕ್ಷರ ಸಂದೇಶ ಓದಲು ಬಂದವರಲ್ಲ.

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಕತೆಗಾರ ಅಂತ್ಯವನ್ನು ಬಚ್ಚಿಡಬಹುದು. ಕತೆಯಲ್ಲಿ ದಾರಿ ತಪ್ಪುವುದೂ ಒಂದು ಸುಖ. ಬೇಸರವಾದರೆ ಓದುಗ ಪುಸ್ತಕ ಮಡಚಿಟ್ಟು ಎದ್ದುಹೋಗುತ್ತಾನೆ. ಜಾಲತಾಣದಲ್ಲಿ ದಾರಿ ತಪ್ಪಿದವರಿಗೆ ಅಂಥ ಸ್ವಾತಂತ್ರ್ಯವಿಲ್ಲ. ಅವರು ಬಸ್ಸಿನ ಹಣವನ್ನೂ ದಿನದ ಕೂಲಿಯನ್ನೂ ತೆರಬೇಕಾಗುತ್ತದೆ. ಆದ್ದರಿಂದಲೇ ಇನ್ನೊಬ್ಬರ ಕಣ್ಣಿನಿಂದ ನೋಡುವ ಕಲ್ಪನಾಶಕ್ತಿ ಕತೆಗಾರನಿಗಿಂತ ವಿನ್ಯಾಸಕಾರನಿಗೆ ಹೆಚ್ಚು ಅಗತ್ಯವೆಂದು ನನಗೀಗ ಅನ್ನಿಸುತ್ತದೆ.

ಪಟ್ಟಿಯನ್ನು ತಿದ್ದಿದೆ. ದೀಪದ ಚಿತ್ರ ಒಳಪುಟಕ್ಕೆ ಸರಿಯಿತು. ಮೊದಲ ಪುಟದಲ್ಲಿ ಈಗ ಇರುವುದು, ನಮ್ಮ ಕಡೆ ಮನೆಗೆ ಬಂದ ಅಪರಿಚಿತರನ್ನು ನೀರು ಕೊಟ್ಟು ಕೇಳುವ ಪ್ರಶ್ನೆ ಮಾತ್ರ: ‘ನಿಮ್ಮ ಊರು ಯಾವುದು?’ ಉತ್ತರಿಸಿದರೆ ಹೋಗಬೇಕಾದ ಕಚೇರಿ, ಒಯ್ಯಬೇಕಾದ ಕಾಗದಗಳು ತೆರೆದುಕೊಳ್ಳುತ್ತವೆ. ಆ ಹೆಣ್ಣುಮಗಳ ಒಂದು ದಿನದ ಕೂಲಿಯಂತೂ ಹೋದದ್ದು ಹೋಯಿತು. ಅದು ನನ್ನ ಮೇಲಿನ ಸಾಲ.