ಡೈಡೋ ಮೊರಿಯಾಮ: ದೋಷಗಳಿಂದ ರೂಪುಗೊಂಡ ಶೈಲಿ

ಛಾಯಾಚಿತ್ರವು ವಾಸ್ತವದ ನಂಬಲರ್ಹ ಸಾಕ್ಷಿ ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಬಿಂಬ ಸ್ಫುಟವಾಗಿರಬೇಕು, ಕ್ಯಾಮೆರಾ ಅಲುಗಬಾರದು ಎಂಬ ನಿಯಮಗಳಿಗೂ ಈ ಭಾವನೆಯೇ ಆಧಾರ. ಯುದ್ಧೋತ್ತರ ಜಪಾನಿನಲ್ಲಿ ಇದನ್ನು ಪ್ರಶ್ನಿಸಿದವರಲ್ಲಿ ಡೈಡೋ ಮೊರಿಯಾಮ ಪ್ರಮುಖರು.

1938ರಲ್ಲಿ ಒಸಾಕಾ ಪ್ರಾಂತ್ಯದ ಇಕೆಡಾದಲ್ಲಿ ಜನಿಸಿದ ಮೊರಿಯಾಮ, 1961ರಲ್ಲಿ ಟೋಕಿಯೋಗೆ ಬಂದು ಏಕೋ ಹೊಸೋಯೆ ಅವರ ಸಹಾಯಕರಾದರು. ವಿಲಿಯಂ ಕ್ಲೈನ್ ಅವರ ನ್ಯೂಯಾರ್ಕ್ ಚಿತ್ರಗಳು ಅವರ ಮೇಲೆ ಗಾಢ ಪ್ರಭಾವ ಬೀರಿದವು. 1968ರಲ್ಲಿ ಆರಂಭಗೊಂಡ 'ಪ್ರೊವೋಕ್' ಪತ್ರಿಕೆಯ ಬಳಗವನ್ನು ಅವರು ಎರಡನೆಯ ಸಂಚಿಕೆಯ ವೇಳೆಗೆ ಸೇರಿದರು. ಮೂರೇ ಸಂಚಿಕೆಗಳನ್ನು ಕಂಡ ಈ ಪತ್ರಿಕೆಯ ಶೈಲಿಯನ್ನು ಜಪಾನಿ ಭಾಷೆಯಲ್ಲಿ 'ಅರೆ, ಬುರೆ, ಬೊಕೆ' ಎಂದು ಗುರುತಿಸುತ್ತಾರೆ. ಒರಟು ಕಣ, ಅಲುಗಿದ ಬಿಂಬ, ತಪ್ಪಿದ ಫೋಕಸ್ ಎಂದು ಇವುಗಳನ್ನು ಅರ್ಥೈಸಬಹುದು.

ಸಾಂಪ್ರದಾಯಿಕ ದೃಷ್ಟಿಯಲ್ಲಿ ಈ ಮೂರೂ ದೋಷಗಳೇ. ಮೊರಿಯಾಮ ಅವುಗಳನ್ನು ಉದ್ದೇಶಪೂರ್ವಕವಾಗಿ ಬಳಸಿಕೊಂಡರು. ಷಿಂಜುಕುವಿನ ಬೀದಿಗಳಲ್ಲಿ ನಡೆಯುತ್ತ, ಎಷ್ಟೋ ಸಲ ವ್ಯೂಫೈಂಡರಿನಲ್ಲಿ ಕಣ್ಣಿಡದೆಯೇ ಚಿತ್ರ ತೆಗೆದರು. ಮುದ್ರಣದಲ್ಲಿ ನಡುವಣ ಬೂದು ಛಾಯೆಗಳು ಬಹುಮಟ್ಟಿಗೆ ಅಳಿದು, ದಟ್ಟ ಕಪ್ಪು ಮತ್ತು ಕಣ್ಣು ಕುಕ್ಕುವ ಬಿಳುಪು ಉಳಿಯುತ್ತವೆ. ವಿವರಗಳು ಹಿಂದೆ ಸರಿದಂತೆ, ದೃಶ್ಯವನ್ನು ಎದುರುಗೊಂಡ ಕ್ಷಣದ ಆತುರ, ಆತಂಕಗಳು ಮುನ್ನೆಲೆಗೆ ಬರುತ್ತವೆ. ಅಮೆರಿಕದ ವಾಯುನೆಲೆಯಿರುವ ಮಿಸಾವಾದಲ್ಲಿ 1971ರಲ್ಲಿ ತೆಗೆದ ಬೀದಿನಾಯಿಯ ಚಿತ್ರ ಇದಕ್ಕೆ ಉತ್ತಮ ನಿದರ್ಶನ. ಕತ್ತು ಹೊರಳಿಸಿದ ಆ ನಾಯಿಯ ನೋಟದಲ್ಲಿರುವುದು ಹಗೆಯೋ ಭಯವೋ ಎಂಬುದನ್ನು ಚಿತ್ರ ಬಿಡಿಸಿ ಹೇಳುವುದಿಲ್ಲ.

1969ರ 'ಅಪಘಾತ' ಮಾಲಿಕೆಯಲ್ಲಿ ಮೊರಿಯಾಮ ಮಾಧ್ಯಮಗಳಲ್ಲಿ ಬಂದ ಚಿತ್ರಗಳನ್ನೇ ಮರಳಿ ಛಾಯಾಗ್ರಹಿಸಿದರು. ಲೋಕದಷ್ಟೇ ಅದರ ಪ್ರತಿಬಿಂಬಗಳೂ ಅವರಿಗೆ ವಸ್ತುವಾದವು. 1972ರ 'ಛಾಯಾಗ್ರಹಣಕ್ಕೆ ವಿದಾಯ' ಕೃತಿಯಲ್ಲಿ ಗೀರು, ಧೂಳು, ಫಿಲ್ಮಿನ ಅಂಚುಗಳು ಚಿತ್ರದ ಭಾಗವಾದವು. ಕೆಲವೆಡೆ ವಸ್ತುವೇ ಗುರುತು ಸಿಗದಂತಾಯಿತು. ಚಿತ್ರವು ಏನನ್ನೂ ರುಜುವಾತುಪಡಿಸದಿದ್ದರೆ ಅದನ್ನು ತೆಗೆಯುವುದೇಕೆ ಎಂಬ ಪ್ರಶ್ನೆ ಆಗ ಕಲಾವಿದನಿಗೇ ಎದುರಾಯಿತು. ಆ ದಶಕದ ಉಳಿದ ಭಾಗ ಅವರಿಗೆ ಬಿಕ್ಕಟ್ಟಿನ ಕಾಲವಾಗಿತ್ತು. 1982ರ 'ಬೆಳಕು ಮತ್ತು ನೆರಳು' ಕೃತಿಯಲ್ಲಿ ನಿತ್ಯದ ವಸ್ತುಗಳನ್ನು ನೇರವಾಗಿ ನೋಡುವ ಮೂಲಕ ಅವರು ಮಾಧ್ಯಮಕ್ಕೆ ಹೊಸ ಚೈತನ್ಯದಿಂದ ಮರಳಿದರು.

2019ರಲ್ಲಿ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಪಡೆದ ಮೊರಿಯಾಮ ಅವರ ಶೈಲಿಯ ಬಾಹ್ಯ ಲಕ್ಷಣಗಳನ್ನು ಇಂದು ಮೊಬೈಲ್ ಫೋನಿನಲ್ಲಿಯೂ ಅನುಕರಿಸಬಹುದು. ಆದರೆ ಅವರಲ್ಲಿ ಒರಟು ಕಣವು ಅಲಂಕಾರವಾಗಿ ಬಂದದ್ದಲ್ಲ. ಸ್ಫುಟವಾದ ಚಿತ್ರವೇ ಸತ್ಯವೆಂಬ ನಂಬಿಕೆಯ ಮೇಲಿನ ಸಂಶಯದಿಂದ ಅದು ಹುಟ್ಟಿತು. ಈ ಸಂಶಯವನ್ನು ಬಿಟ್ಟು ಅವರ ಶೈಲಿಯನ್ನು ಅರ್ಥೈಸಲಾಗದು.