ಹಳದಿ ಹಕ್ಕಿಗೆ ರೆಕ್ಕೆ ಬಂದದ್ದು ಹೀಗೆ

1987. ಜರ್ಮನಿಯ ಏರಾ-ಲೆಸಿಯನ್ ಪರೀಕ್ಷಾ ಪಥದಲ್ಲಿ ಜಗತ್ತಿನ ಘಟಾನುಘಟಿ ಕಾರುಗಳು ಸೇರಿದ್ದವು. ಫೆರಾರಿ ಟೆಸ್ಟರೋಸಾ ಇತ್ತು, ಲ್ಯಾಂಬೊರ್ಗಿನಿ ಕೌಂಟಾಚ್ ಇತ್ತು, ಪೋರ್ಷ 959 ಕೂಡ ಇತ್ತು. ಅದು ಅಮೆರಿಕದ 'ರೋಡ್ ಅಂಡ್ ಟ್ರ್ಯಾಕ್' ಪತ್ರಿಕೆ ಏರ್ಪಡಿಸಿದ್ದ ವೇಗದ ಪರೀಕ್ಷೆ. ಎಲ್ಲವನ್ನೂ ಹಿಂದೆ ಹಾಕಿದ್ದು ಮಾತ್ರ ಒಂದು ಸಣ್ಣ ಊರಿನ ಗ್ಯಾರೇಜಿನಿಂದ ಬಂದ ಪುಟ್ಟ ಹಳದಿ ಕಾರು. ವೇಗ ಗಂಟೆಗೆ 339 ಕಿ.ಮೀ.! ಪತ್ರಿಕೆಯವರು ಅದಕ್ಕೆ 'ಯೆಲ್ಲೊಬರ್ಡ್', ಅಂದರೆ ಹಳದಿ ಹಕ್ಕಿ ಎಂದು ಹೆಸರಿಟ್ಟರು. ಅಸಲಿ ಹೆಸರು ರೂಫ್ ಸಿಟಿಆರ್. ಮರುವರ್ಷ ಇಟಲಿಯ ನಾರ್ಡೊ ಪಥದಲ್ಲಿ ಇದೇ ಮಾದರಿ 342 ಕಿ.ಮೀ. ಮುಟ್ಟಿತು.

ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಕಾರಿದು. ಆದರೂ ಕಾರಿನ ಹುಚ್ಚಿರುವ ನಮ್ಮಂಥ ಬಿಇ ಹುಡುಗರಿಗೆ ಇದು ಇಂದಿಗೂ ಹೀರೊ. ನ್ಯೂರ್‌ಬರ್ಗ್‌ರಿಂಗ್ ಪಥದ ತಿರುವುಗಳಲ್ಲಿ ಸ್ಟೆಫಾನ್ ರೋಸರ್ ಈ ಕಾರನ್ನು ಅಡ್ಡಡ್ಡ ಜಾರಿಸುತ್ತಾ ಓಡಿಸಿದ ಹಳೆಯ ವಿಡಿಯೊವನ್ನು ನಮ್ಮ ಹಾಸ್ಟೆಲ್‌ನಲ್ಲಿ ನೋಡದವರಿಲ್ಲ. ಕಾಲಿಗೆ ರೇಸಿಂಗ್ ಶೂ ಇಲ್ಲ. ಬಿಳಿ ಸಾಕ್ಸು, ಸಾದಾ ಶೂ! 'ಗ್ರ್ಯಾನ್ ಟುರಿಸ್ಮೊ' ವಿಡಿಯೊ ಗೇಮ್ ಆಡಿದವರಿಗೂ ರೂಫ್ ಗೊತ್ತು. ಪೋರ್ಷ ಹೆಸರು ಬಳಸುವ ಹಕ್ಕು ಬೇರೆ ಕಂಪನಿಯ ಕೈಯಲ್ಲಿದ್ದುದರಿಂದ ವರ್ಷಗಟ್ಟಲೆ ಆ ಆಟದಲ್ಲಿ ರೂಫ್ ಕಾರುಗಳೇ ಓಡಿದವು.

ಬವೇರಿಯಾದ ಫಾಫೆನ್‌ಹೌಸನ್ ಎಂಬ ಊರಲ್ಲಿ 1939ರಲ್ಲಿ ಶುರುವಾದ ಗ್ಯಾರೇಜು ಅದು. 1974ರಲ್ಲಿ ತಂದೆ ತೀರಿಕೊಂಡಾಗ ಮಗ ಅಲೋಯಿಸ್ ರೂಫ್ ಹೊಣೆ ಹೊತ್ತರು. ಪೋರ್ಷ ಕಾರುಗಳನ್ನು ಟ್ಯೂನ್ ಮಾಡುತ್ತಲೇ 1981ರಲ್ಲಿ ಜರ್ಮನಿಯಲ್ಲಿ ಕಾರು ತಯಾರಕರೆಂಬ ಅಧಿಕೃತ ಮಾನ್ಯತೆ ಪಡೆದರು.

ಉಳಿದ 30 ಕಿ.ಮೀ. ಎಲ್ಲಿಂದ ಬಂತು?

'ಟರ್ಬೊ ಹಾಕಿದ, ಗೆದ್ದ' ಎಂದು ನಮ್ಮಲ್ಲಿ ಹಲವರ ನಂಬಿಕೆ. ಟರ್ಬೊ ಕೆಲಸ ಸರಳ. ಎಂಜಿನ್ ಹೊರಗೆ ಉಗುಳುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಸೇರಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಇಂಧನ, ಹೆಚ್ಚು ಶಕ್ತಿ. ನಮ್ಮ ಹೆದ್ದಾರಿಯ ಲಾರಿಗಳಲ್ಲೂ ಇರುವುದು ಇದೇ.

ಈಗ ಒಂದು ಲೆಕ್ಕ ಮಾಡೋಣ. ಹಳದಿ ಹಕ್ಕಿಗೆ ಆಧಾರ ಪೋರ್ಷ 911 ಕ್ಯಾರೆರಾ 3.2. ಅದಕ್ಕೆ 231 ಅಶ್ವಶಕ್ತಿ, ಗರಿಷ್ಠ ವೇಗ 245 ಕಿ.ಮೀ. ರೂಫ್ ಎಂಜಿನ್ನನ್ನು 3.4 ಲೀಟರಿಗೆ ಹಿಗ್ಗಿಸಿ, ಎರಡು ಟರ್ಬೊ ಕೂರಿಸಿ 469 ಅಶ್ವಶಕ್ತಿ ತೆಗೆದರು. ಶಕ್ತಿ ದುಪ್ಪಟ್ಟಾಯಿತು. ವೇಗವೂ ದುಪ್ಪಟ್ಟಾಗಬೇಕಲ್ಲ? ಆಗದು. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ವೇಗ ಎರಡು ಪಟ್ಟಾಗಬೇಕಾದರೆ ಶಕ್ತಿ ಎಂಟು ಪಟ್ಟು ಬೇಕು. ದುಪ್ಪಟ್ಟು ಶಕ್ತಿಗೆ ಸಿಗುವುದು 1.26 ಪಟ್ಟು ವೇಗ ಮಾತ್ರ. ಕ್ಯಾಲ್ಕುಲೇಟರ್ ಒತ್ತಿ ನೋಡಿ, 310 ಕಿ.ಮೀ. ಆಸುಪಾಸಿಗೆ ನಿಲ್ಲುತ್ತದೆ.

ಉಳಿದ 30 ಕಿ.ಮೀ. ಬಂದದ್ದು ಯಾರೂ ಸ್ಟೇಟಸ್‌ಗೆ ಹಾಕದ ಕೆಲಸಗಳಿಂದ. ಪೋರ್ಷ ಟರ್ಬೊ ಮಾದರಿಯ ಅಗಲ ಮೈ ನೋಡಲು ಜೋರು. ರೂಫ್ ಅದನ್ನು ಬಿಟ್ಟು ಕ್ಯಾರೆರಾದ ಕಿರಿದಾದ ಮೈಯನ್ನೇ ಆರಿಸಿಕೊಂಡರು. ಗಾಳಿಗೆ ಎದುರಾಗುವ ಅಗಲ ಕಡಿಮೆಯಾಯಿತು. ಮಳೆನೀರು ಹರಿಯಲೆಂದು ಮಾಡಿನ ಅಂಚಿಗಿದ್ದ ಪಟ್ಟಿಯನ್ನು ಕತ್ತರಿಸಿ ನುಣುಪು ಮಾಡಿದರು. ಬಂಪರ್ ಬದಲಿಸಿದರು. ಗೇರ್‌ಬಾಕ್ಸ್ ತಾವೇ ಮಾಡಿಸಿದರು. ಬಾಗಿಲು, ಬಾನೆಟ್ ಅಲ್ಯೂಮಿನಿಯಂ ಆದವು. ಕಾರು ಬೇಗ ವೇಗ ಹಿಡಿಯಲು ಹಗುರಾಯಿತು. ಹನಿ ಹನಿಗೂಡಿದರೆ ಹಳ್ಳ ಅನ್ನುವುದು ಇದಕ್ಕೇ.

ಕೋಡಿಬಾಗದ ನಮ್ಮ ಪಕ್ಕದ ಮನೆಯ ಅಣ್ಣ ಬೈತಖೋಲ ಬಂದರಿನಲ್ಲಿ ಬೋಟ್ ಎಂಜಿನ್ ರಿಪೇರಿ ಮಾಡುತ್ತಾರೆ. ಅವರಿಗೆ ಈ ಕಾರಿನ ಕಥೆ ಹೇಳಿದೆ. ಎಷ್ಟು ಅಶ್ವಶಕ್ತಿ ಎಂದು ಅವರು ಕೇಳಲೇ ಇಲ್ಲ. "ಅಷ್ಟು ಬಿಸಿ ಎಲ್ಲಿಗೆ ಹೋಗ್ತದೆ ಮಾರಾಯಾ?" ಎಂದರು. ಸರಿಯಾದ ಪ್ರಶ್ನೆ. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ಎಂಜಿನ್ನನ್ನು ಕೊಲ್ಲುತ್ತದೆ. ಹಾಗಾಗಿಯೇ ಹಳದಿ ಹಕ್ಕಿಯ ಹಿಂಬದಿಯ ಎರಡೂ ಪಕ್ಕಗಳಲ್ಲಿ ಗಾಳಿಕಂಡಿ ಕೊರೆದು, ಒಳಗೆ ಇಂಟರ್‌ಕೂಲರ್‌ಗಳನ್ನು ಕೂರಿಸಿದ್ದಾರೆ.

ಸದ್ದಿಗೆ ಅಂಕ ಇಲ್ಲ

ನಮ್ಮ ಕಡೆ ಟ್ಯೂನಿಂಗ್ ಎಂದರೆ ಬೈಕಿನ ಸೈಲೆನ್ಸರ್ ಕಿತ್ತು ಇನ್ನೊಂದು ಹಾಕುವುದು. ಸಂಜೆಯಾದರೆ ಸದ್ದು ಕೋಡಿಬಾಗದ ಮನೆಮನೆಗೂ ಕೇಳುತ್ತದೆ. ವೇಗ ಎಷ್ಟು ಹೆಚ್ಚಿತು ಎಂದು ಕೇಳಿದರೆ ಉತ್ತರವಿಲ್ಲ, ಯಾರೂ ಅಳೆದಿರುವುದಿಲ್ಲ. ಇನ್ನು ಕೆಲವರಿಗೆ ಕಾಳಿ ಸೇತುವೆಯೇ ರೇಸ್ ಟ್ರ್ಯಾಕ್. 2024ರ ಆಗಸ್ಟ್‌ನಲ್ಲಿ ಹಳೆ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದದ್ದನ್ನು ಕಂಡ ಊರು ನಮ್ಮದು. ಅಲ್ಲಿ ಎದುರಿಗೆ ಬರುವುದು ಪ್ರತಿಸ್ಪರ್ಧಿಯಲ್ಲ, ಮೀನಿನ ಬುಟ್ಟಿ ಇಟ್ಟುಕೊಂಡು ರಿಕ್ಷಾದಲ್ಲಿ ಕೂತ ಯಾರದೋ ಅಮ್ಮ.

ಕಾನೂನೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅಕ್ರಮವಾಗಿ ಮಾಡಿಸಿದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕೆಲಸ ಹುಡುಕುವ ವಯಸ್ಸಿನಲ್ಲಿ ಪೊಲೀಸ್ ಕೇಸು ಯಾರಿಗೆ ಬೇಕು?

ಹಾಗಾದರೆ ಆಸೆಯನ್ನು ಅದುಮಿಟ್ಟುಕೊಳ್ಳಬೇಕೆ? ಬೇಡ. ಬಾಹಾ ಎಸ್‌ಎಇ ಇಂಡಿಯಾ, ಫಾರ್ಮುಲಾ ಭಾರತ್‌ನಂಥ ಸ್ಪರ್ಧೆಗಳು ಇರುವುದೇ ನಮಗಾಗಿ. ಅಲ್ಲಿ ವಾಹನವನ್ನು ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ, ವೆಲ್ಡ್ ಮಾಡಿ, ಓಡಿಸಬೇಕು. ಓಟದ ಜತೆಗೆ ವಿನ್ಯಾಸಕ್ಕೂ ವೆಚ್ಚದ ಲೆಕ್ಕಕ್ಕೂ ಅಂಕ. 'ಈ ಪೈಪು ಇಷ್ಟೇ ದಪ್ಪ ಯಾಕೆ?' ಎಂದು ತೀರ್ಪುಗಾರರು ಕೇಳಿದಾಗ ಉತ್ತರ ಕೊಡಬೇಕು. ಸಂದರ್ಶನದಲ್ಲೂ ಕೇಳುವುದು ಅದನ್ನೇ ಅಲ್ಲವೇ? ವೇಗ ಅಳೆಯಲು ನಮ್ಮ ದೇಶದಲ್ಲೂ ಜಾಗವಿದೆ: ಇಂದೋರ್ ಬಳಿಯ ಪೀತಂಪುರದಲ್ಲಿ 2021ರಲ್ಲಿ ಉದ್ಘಾಟನೆಯಾದ ನ್ಯಾಟ್ರ್ಯಾಕ್ಸ್‌ನ 11.3 ಕಿ.ಮೀ. ಪಥ.

ಇನ್ನೊಂದು ಮಾತು. ಹಳದಿ ಹಕ್ಕಿಯ ಇಂಧನವನ್ನೂ ಕಿಡಿಯನ್ನೂ ನಿಯಂತ್ರಿಸಿದ್ದು ಬಾಷ್ ಕಂಪನಿಯ ವ್ಯವಸ್ಥೆ. ಬೆಂಗಳೂರಿನವರು 'ಮೈಕೊ' ಎಂದು ಕರೆದದ್ದು ಆ ಬಾಷ್‌ನ ಕಾರ್ಖಾನೆಯನ್ನೇ. ಎಂಜಿನ್ನಿನ ಕಂಪ್ಯೂಟರಿಗೆ ಸರಿಯಾದ ಅಂಕಿ ತುಂಬುವ ಕ್ಯಾಲಿಬ್ರೇಶನ್ ಇಂದು ಬೆಂಗಳೂರಿನಲ್ಲಿ ಸಂಬಳ ಸಿಗುವ ಉದ್ಯೋಗ. ಒಂದು ಅಂಕಿ ಬದಲಿಸು, ಅಳೆ, ಬರೆದಿಡು, ಮತ್ತೆ ಬದಲಿಸು. ಟ್ಯೂನಿಂಗ್ ಎಂದರೆ ನಿಜಕ್ಕೂ ಇಷ್ಟೇ.

2017ರಲ್ಲಿ ರೂಫ್ ಜಿನೀವಾ ಮೇಳದಲ್ಲಿ ಹೊಸ ಸಿಟಿಆರ್ ತಂದರು. ಈ ಬಾರಿ ಕಾರಿನ ಕಾರ್ಬನ್ ಫೈಬರ್ ಅಸ್ಥಿಪಂಜರವೂ ಅವರದ್ದೇ. ಬೇರೆಯವರ ಕಾರು ಬಿಚ್ಚಿ ಕಲಿತ ಗ್ಯಾರೇಜು ಕೊನೆಗೆ ತನ್ನದೇ ಕಾರು ಕಟ್ಟಿತು. ನಿಮ್ಮ ಕೈಯಲ್ಲಿ ಸ್ಪ್ಯಾನರ್ ಇದ್ದರೆ ಒಳ್ಳೆಯದು. ಪಕ್ಕದಲ್ಲಿ ಒಂದು ನೋಟ್‌ಬುಕ್ಕೂ ಇರಲಿ.